ಹಳ್ಳಿಗೊಂದು ಕಸುಬು, ಕೈಗೊಂದು ವಿದ್ಯೆ: ಅಣೆಕಟ್ಟೆಯಾಚೆಯ ವಿಶ್ವೇಶ್ವರಯ್ಯ

ಬೆಂಗಳೂರು: ಪ್ರತಿ ವರ್ಷ ಸೆಪ್ಟೆಂಬರ್ 15ರಂದು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಪ್ರತಿಮೆಗಳಿಗೆ ಹೂಮಾಲೆ ಬೀಳುತ್ತದೆ. ಎಂಜಿನಿಯರ್‌ಗಳ ದಿನಾಚರಣೆಯ ಭಾಷಣಗಳಲ್ಲಿ ಕನ್ನಂಬಾಡಿ ಕಟ್ಟೆಯ ಪ್ರಸ್ತಾಪವಾಗುತ್ತದೆ, ಅವರ ಶಿಸ್ತು, ಪೇಟ, ಕೈಗಡಿಯಾರಗಳ ವರ್ಣನೆಯಾಗುತ್ತದೆ. ಸಂಜೆಯ ಹೊತ್ತಿಗೆ ಸಮಾರಂಭ ಮುಗಿದಿರುತ್ತದೆ. ಆದರೆ ಈ ಮಹನೀಯರು ತಮ್ಮ ಬದುಕಿನ ಬಹುಪಾಲನ್ನು ತೆತ್ತದ್ದು ಅಣೆಕಟ್ಟೆಗಿಂತಲೂ ಹಳೆಯದಾದ, ಅಣೆಕಟ್ಟೆಗಿಂತಲೂ ಕಠಿಣವಾದ ಒಂದು ಸಮಸ್ಯೆಗೆ. ಮಳೆಯನ್ನೇ ನಂಬಿದ ರೈತ ವರ್ಷದ ಅರ್ಧ ಭಾಗ ಕೆಲಸವಿಲ್ಲದೆ ಕುಳಿತರೆ ಅವನ ಮನೆಯ ಒಲೆ ಹೇಗೆ ಉರಿಯಬೇಕು ಎಂಬುದೇ ಆ ಸಮಸ್ಯೆ.

ಅದಕ್ಕೆ ಅವರು ಕಂಡುಕೊಂಡ ಉತ್ತರದ ಗುರುತುಗಳು ಉತ್ತರ ಬೆಂಗಳೂರಿನಲ್ಲಿ ಇಂದಿಗೂ ಚದುರಿಕೊಂಡಿವೆ. ಹೆಬ್ಬಾಳದ ಮೇಲ್ಸೇತುವೆಯ ಪಕ್ಕದ ಕೃಷಿ ಆವರಣ, ಯಶವಂತಪುರದ ಬಳಿಯ ಸಾಬೂನು ಕಾರ್ಖಾನೆ, ಯಲಹಂಕದಿಂದ ನಂದಿಯತ್ತ ಸಾಗುವ ರೈಲು ಮಾರ್ಗ ಇವೆಲ್ಲವೂ ಆ ಕಥೆಯ ಒಂದೊಂದು ಅಧ್ಯಾಯ. ದಿನವೂ ಇವುಗಳ ಪಕ್ಕದಲ್ಲಿಯೇ ಹಾದುಹೋಗುವ ನಗರವಾಸಿಗಳಿಗೆ ಆ ಕಥೆ ಅಪರಿಚಿತವಾಗಿಯೇ ಉಳಿದಿದೆ.

ಬರಡು ಸೀಮೆಯ ಹುಡುಗ

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರಲ್ಲಿ, ನಂದಿ ಬೆಟ್ಟದ ಸಾಲಿಗೆ ಸಮೀಪದ ಮುದ್ದೇನಹಳ್ಳಿಯಲ್ಲಿ. ಪೂರ್ವಿಕರ ಊರು ಆಂಧ್ರ ಸೀಮೆಯ ಮೋಕ್ಷಗುಂಡಂ. ಊರು ಬಿಟ್ಟು ತಲೆಮಾರುಗಳು ಕಳೆದಿದ್ದರೂ ಹೆಸರು ಮನೆತನಕ್ಕೆ ಅಂಟಿಕೊಂಡಿತ್ತು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ, ಹಣಕ್ಕೆ ಇತ್ತು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಮೇಲಂತೂ ಆ ಕೊರತೆ ಇನ್ನಷ್ಟು ಬಿಗಿಯಾಯಿತು.

ನದಿಯಿಲ್ಲದ ಸೀಮೆ ಅದು. ಕೆರೆ ತುಂಬಿದರೆ ಬೆಳೆ, ಇಲ್ಲವಾದರೆ ರಾಗಿಗೂ ಸಾಲ. ವಿಶ್ವೇಶ್ವರಯ್ಯನವರು ಹದಿಹರೆಯದಲ್ಲಿದ್ದಾಗಲೇ, 1876ರಿಂದ 1878ರವರೆಗೆ, ಮೈಸೂರು ಸಂಸ್ಥಾನವನ್ನು ಧಾತು ಈಶ್ವರ ಸಂವತ್ಸರಗಳ ಭೀಕರ ಕ್ಷಾಮ ಹಿಂಡಿ ಹಾಕಿತು. ಸಂಸ್ಥಾನದ ಜನಸಂಖ್ಯೆಯ ಸರಿಸುಮಾರು ಐದನೆಯ ಒಂದು ಭಾಗವನ್ನೇ ಆ ಬರ ನುಂಗಿತೆಂದು ಇತಿಹಾಸಕಾರರು ಗುರುತಿಸುತ್ತಾರೆ. ಬೇಸಾಯವೊಂದನ್ನೇ ನೆಚ್ಚಿದ ನಾಡು ಎಷ್ಟು ಅಸಹಾಯಕ ಎಂಬುದನ್ನು ಆ ತಲೆಮಾರಿನವರು ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಪ್ರಾಥಮಿಕ ವಿದ್ಯಾಭ್ಯಾಸ ಮುಗಿಸಿ ಬೆಂಗಳೂರಿಗೆ ಬಂದ ಹುಡುಗ, ಸೋದರಮಾವನ ಆಸರೆಯಲ್ಲಿ ಓದು ಮುಂದುವರಿಸಿದನು. ಕೊಡಗು ಮೂಲದ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚನ್ನು ಸರಿದೂಗಿಸಿಕೊಂಡನು. ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಪದವಿ ದೊರೆಯಿತು. ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಬಲದಿಂದ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಶಿಕ್ಷಣ. 1883ರ ಪರೀಕ್ಷೆಯಲ್ಲಿ ಅವರದೇ ಪ್ರಥಮ ಸ್ಥಾನ. ಸರ್ಕಾರ ಸಕಾಲದಲ್ಲಿ ನೀಡಿದ ಒಂದು ವಿದ್ಯಾರ್ಥಿವೇತನ ಬಡ ಹುಡುಗನೊಬ್ಬನ ಹಣೆಬರಹವನ್ನು ಹೇಗೆ ತಿದ್ದಬಲ್ಲದು ಎಂಬುದಕ್ಕೆ ಅವರ ಬದುಕೇ ನಿದರ್ಶನವಾಯಿತು. ಮುಂದೆ ದಿವಾನರಾದಾಗ ಶಾಲೆಗಳಿಗೆ, ತರಬೇತಿ ಸಂಸ್ಥೆಗಳಿಗೆ ಅವರು ನೀಡಿದ ಒತ್ತಿನ ಮೂಲ ಇಲ್ಲಿದೆ.

ನೀರು ಹಂಚಿದ ಎಂಜಿನಿಯರ್

1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯ ಸಹಾಯಕ ಎಂಜಿನಿಯರ್ ಆಗಿ ಸೇವೆಗೆ ಸೇರಿದ ಅವರು ಸುಮಾರು ಕಾಲು ಶತಮಾನ ಅಲ್ಲಿ ದುಡಿದರು. ಸಿಂಧ್ ಪ್ರಾಂತದ ಸಕ್ಕರ್ ನಗರಕ್ಕೆ ಕುಡಿಯುವ ನೀರು, ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು, ಏಡನ್ ಬಂದರಿನ ನೀರು ಸರಬರಾಜು ಮತ್ತು ಒಳಚರಂಡಿ ಯೋಜನೆ ಇವೆಲ್ಲ ಅವರಿಗೆ ಕೀರ್ತಿ ತಂದವು.

ನಮ್ಮ ವಿಷಯಕ್ಕೆ ಹತ್ತಿರವಾದದ್ದು ದಖನ್ ನಾಲೆಗಳಲ್ಲಿ ಅವರು ಜಾರಿಗೆ ತಂದ ಬ್ಲಾಕ್ ಪದ್ಧತಿಯ ನೀರಾವರಿ. ನಾಲೆಯ ತಲೆಭಾಗದ ಕೆಲವೇ ರೈತರು ಕಬ್ಬಿಗೆ ನೀರು ಹರಿಸಿಕೊಂಡು ಉಳಿದವರ ಹೊಲ ಒಣಗುವುದು ಅಂದಿನ ರೂಢಿಯಾಗಿತ್ತು. ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಹೆಚ್ಚು ನೀರು ಬೇಡುವ ಬೆಳೆ ಮತ್ತು ಕಡಿಮೆ ನೀರಿನ ಬೆಳೆಗಳನ್ನು ಸರದಿಯಂತೆ ಬೆಳೆಸಿ, ಅದೇ ನೀರನ್ನು ಹೆಚ್ಚು ಹಳ್ಳಿಗಳಿಗೆ ತಲುಪಿಸುವುದು ಈ ಪದ್ಧತಿಯ ಸಾರ. ಇರುವ ಸಂಪನ್ಮೂಲ ಅಷ್ಟೇ ಆಗಿದ್ದರೂ ವ್ಯವಸ್ಥೆ ಬದಲಾದರೆ ಉಣ್ಣುವವರ ಸಂಖ್ಯೆ ಹೆಚ್ಚುತ್ತದೆ ಎಂಬ ಪಾಠವನ್ನು ಅವರು ಇಲ್ಲಿ ಕಲಿತರೆನ್ನಬಹುದು.

1898ರಲ್ಲಿ ಅವರು ಜಪಾನಿಗೆ ಭೇಟಿ ನೀಡಿದರು. ಖನಿಜ ಸಂಪತ್ತು ಕಡಿಮೆ, ಸಾಗುವಳಿ ಭೂಮಿ ಇನ್ನೂ ಕಡಿಮೆ. ಆದರೂ ಒಂದೇ ತಲೆಮಾರಿನಲ್ಲಿ ಆ ದೇಶ ಎದ್ದು ನಿಂತಿತ್ತು. ಹುಡುಗ ಹುಡುಗಿಯರೆಲ್ಲರಿಗೂ ಶಾಲೆ, ಶಾಲೆಯ ನಂತರ ಕಸುಬಿನ ಶಿಕ್ಷಣ, ಹಳ್ಳಿಮನೆಗಳಲ್ಲಿಯೇ ರೇಷ್ಮೆ ಮತ್ತು ಸಣ್ಣ ಕೈಗಾರಿಕೆ ಎಂಬ ಜಪಾನಿನ ದಾರಿ ಅವರ ಮನಸ್ಸಿನಲ್ಲಿ ಅಚ್ಚೊತ್ತಿತು.

ತವರಿಗೆ ಮರಳಿಕೆ

ಮುಂಬಯಿ ಸೇವೆಯಿಂದ ನಿವೃತ್ತರಾದ ಬಳಿಕ, 1908ರ ಮೂಸಿ ನದಿಯ ಪ್ರಳಯದಿಂದ ತತ್ತರಿಸಿದ್ದ ಹೈದರಾಬಾದಿಗೆ ನೆರೆ ನಿಯಂತ್ರಣ ಯೋಜನೆ ರೂಪಿಸಿಕೊಟ್ಟ ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ತವರಿಗೆ ಮರಳಿದರು. ಬರಿಯ ರಸ್ತೆ, ಕಟ್ಟಡಗಳ ಹುದ್ದೆಯಾಗಿದ್ದರೆ ತಮಗೆ ಬೇಡವೆಂಬುದು, ಶಿಕ್ಷಣ ಮತ್ತು ಕೈಗಾರಿಕೆಯ ವಿಸ್ತರಣೆಗೂ ಅವಕಾಶವಿರಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಮನ್ನಿಸಿದರು.

ಅದರ ಫಲವೇ 1911ರಲ್ಲಿ ಆರಂಭವಾದ ಮೈಸೂರು ಸಂಪದಭ್ಯುದಯ ಸಮಾಜ. ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯ ಎಂದು ಮೂರು ಸಮಿತಿಗಳು ಅದರಲ್ಲಿದ್ದವು. ಅಧಿಕಾರಿಗಳು, ವರ್ತಕರು, ಜಮೀನುದಾರರು ಒಂದೇ ಮೇಜಿನ ಸುತ್ತ ಕುಳಿತು ನಾಡಿನ ಬಡತನದ ಲೆಕ್ಕ ಹಾಕುವ ಏರ್ಪಾಡು ಅಂದಿಗೆ ಹೊಸದು. ಆ ಲೆಕ್ಕ ಸಮಾಧಾನ ತರುವಂತಿರಲಿಲ್ಲ. 1911ರ ಜನಗಣತಿಯ ಪ್ರಕಾರ ಸಂಸ್ಥಾನದ ಜನಸಂಖ್ಯೆ ಸುಮಾರು 58 ಲಕ್ಷ. ಅವರಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಆರರಷ್ಟು. ಬಹುಪಾಲು ಜನರಿಗೆ ಬೇಸಾಯವೇ ಗತಿ. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಜನ್ಮ ತಳೆದದ್ದು ಕೂಡ ಈ ಸಮಾಜದ ಚಟುವಟಿಕೆಗಳ ಫಲವಾಗಿಯೇ. ಜ್ಞಾನ ಜನರ ಭಾಷೆಯಲ್ಲಿ ತಲುಪದೆ ಕಸುಬು ಸುಧಾರಿಸದು ಎಂಬ ಅರಿವು ಅದರ ಹಿಂದಿತ್ತು.

1912ರ ನವೆಂಬರ್‌ನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. ಮುಂದಿನ ಆರು ವರ್ಷಗಳಲ್ಲಿ ಮೈಸೂರು ಸಂಸ್ಥಾನ ಕಂಡ ಬದಲಾವಣೆಯ ವೇಗ ಇಂದಿಗೂ ಅಚ್ಚರಿ ಹುಟ್ಟಿಸುವಂಥದು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಮತ್ತು ವಾಣಿಜ್ಯ ಮಂಡಳಿ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ತಲೆಯೆತ್ತಿದವು. ಇವು ಎಲ್ಲರೂ ಬಲ್ಲ ಸಾಧನೆಗಳು. ಇವುಗಳ ನೆರಳಿನಲ್ಲಿ ಮರೆಯಾದ ಸಣ್ಣ ಸಂಸ್ಥೆಗಳತ್ತ ಕಣ್ಣು ಹಾಯಿಸಿದರೆ ದಿವಾನರ ಇನ್ನೊಂದು ಮುಖ ಕಾಣುತ್ತದೆ.

ಹೆಬ್ಬಾಳದ ಶಾಲೆ

ಹೆಬ್ಬಾಳ ಆಗ ಕೆರೆ, ತೋಟ, ರಾಗಿ ಹೊಲಗಳ ನಡುವಿನ ಹಳ್ಳಿ. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೃಷಿ ಸಂಶೋಧನೆಗೆಂದು ಅಲ್ಲಿ 30 ಎಕರೆ ಜಮೀನು ನೀಡಿದ್ದರು. 1899ರಲ್ಲಿ ರಸಾಯನ ವಿಜ್ಞಾನಿ ಡಾ. ಲೇಮನ್ ಅವರ ನೇತೃತ್ವದಲ್ಲಿ ಮಣ್ಣು ಮತ್ತು ಬೆಳೆಗಳ ಪ್ರಯೋಗ ಆರಂಭವಾಗಿತ್ತು. ಪ್ರಯೋಗವೇನೋ ನಡೆಯುತ್ತಿತ್ತು, ಅದರ ಫಲ ರೈತನ ಹೊಲದವರೆಗೆ ನಡೆದು ಹೋಗುತ್ತಿರಲಿಲ್ಲ. ಆ ನಡುವಿನ ಹಾದಿಗೆ ಬೇಕಿದ್ದದ್ದು ತರಬೇತಿ.

1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು. ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೃಷಿ ಇಲಾಖೆಯ ಚುಕ್ಕಾಣಿ ಹಿಡಿದಿದ್ದ ಕಾಲವದು. ಮಲೆನಾಡಿನ ಅಡಿಕೆ ತೋಟಗಳನ್ನು ಹಾಳುಗೆಡವುತ್ತಿದ್ದ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದವರು ಅವರೇ. ಕಲಿತವನು ನೇಗಿಲು ಹಿಡಿಯಲಾರ, ನೇಗಿಲು ಹಿಡಿದವನಿಗೆ ಕಲಿಕೆ ಬೇಕಿಲ್ಲ ಎಂಬ ಎರಡು ಹಳೆಯ ನಂಬಿಕೆಗಳನ್ನು ಆ ಶಾಲೆ ಒಟ್ಟಿಗೇ ಪ್ರಶ್ನಿಸಿತು. ಆ ಬೀಜವೇ 1946ರಲ್ಲಿ ಕೃಷಿ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ನಡೆಯುವ ಕೃಷಿ ಮೇಳಕ್ಕೆ ಬಸ್ಸುಗಳಲ್ಲಿ ಬಂದಿಳಿಯುವ ರೈತರ ಸಾಲು, ಹೆಬ್ಬಾಳದ ಬೇಕರಿ ತರಬೇತಿ ಘಟಕದಲ್ಲಿ ಬ್ರೆಡ್ಡು, ಬಿಸ್ಕತ್ತು ಮಾಡುವುದನ್ನು ಕಲಿತು ಸ್ವಂತ ಅಂಗಡಿಯ ಕನಸು ಕಾಣುವ ಯುವಜನರು ಇವರೆಲ್ಲ ಅದೇ ಪರಂಪರೆಯ ಮುಂದುವರಿಕೆ.

ಗಂಧದ ಕೊರಡಿನಿಂದ ಸಾಬೂನಿನವರೆಗೆ

1914ರಲ್ಲಿ ಮೊದಲ ಮಹಾಯುದ್ಧ ಸಿಡಿದಾಗ ಮೈಸೂರಿಗೆ ವಿಚಿತ್ರ ಸಂಕಟ ಎದುರಾಯಿತು. ಸಂಸ್ಥಾನದ ಶ್ರೀಗಂಧದ ಕೊರಡುಗಳಿಗೆ ಯುರೋಪು, ಅದರಲ್ಲಿಯೂ ಜರ್ಮನಿ ದೊಡ್ಡ ಮಾರುಕಟ್ಟೆ. ಕೊರಡು ಇಲ್ಲಿಂದ ಹೋಗುತ್ತಿತ್ತು, ಎಣ್ಣೆ ಅಲ್ಲಿ ತೆಗೆಯಲಾಗುತ್ತಿತ್ತು, ಲಾಭದ ದೊಡ್ಡ ಪಾಲು ಅಲ್ಲಿಯೇ ಉಳಿಯುತ್ತಿತ್ತು. ಯುದ್ಧದಿಂದಾಗಿ ರಫ್ತು ನಿಂತು ಕೊರಡುಗಳು ರಾಶಿ ಬಿದ್ದವು.

ಯಶವಂತಪುರಕ್ಕೆ ಹೊಂದಿಕೊಂಡಂತೆ ಮೈಸೂರು ಸರ್ಕಾರ ನೀಡಿದ್ದ 371 ಎಕರೆ ಜಮೀನಿನಲ್ಲಿ ಸ್ಥಾಪಿತವಾಗಿದ್ದ ಟಾಟಾ ವಿಜ್ಞಾನ ಸಂಸ್ಥೆ ಆಗ ನೆರವಿಗೆ ಬಂದಿತು. ಅಲ್ಲಿನ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಅವರು ಗಂಧದೆಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ಸಿದ್ಧಪಡಿಸಿದರು. ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದ ಆಲ್‌ಫ್ರೆಡ್ ಚಾಟರ್ಟನ್ ಅವರ ಉಸ್ತುವಾರಿಯಲ್ಲಿ 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆಗಳು ಆರಂಭವಾದವು. ಎಣ್ಣೆಯಿಂದ ಸಾಬೂನಿಗೆ ಮುಂದಿನ ಹೆಜ್ಜೆ. ಸಾಬೂನು ತಂತ್ರಜ್ಞಾನ ಕಲಿಯಲು ರಸಾಯನಶಾಸ್ತ್ರ ಬಲ್ಲ ತರುಣ ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರು ಕಲಿತು ಬಂದ ವಿದ್ಯೆಯಿಂದ ಮೈಸೂರು ಸ್ಯಾಂಡಲ್ ಸಾಬೂನು ರೂಪುಗೊಂಡಿತು. 1957ರಲ್ಲಿ ಕಾರ್ಖಾನೆ ಯಶವಂತಪುರ ಸಮೀಪದ ರಾಜಾಜಿನಗರ ಕೈಗಾರಿಕಾ ಪ್ರದೇಶಕ್ಕೆ ಸ್ಥಳಾಂತರಗೊಂಡಿತು.

ಕಚ್ಚಾವಸ್ತು ನಮ್ಮದಾದರೆ ಸಾಲದು, ಅದನ್ನು ಸಿದ್ಧವಸ್ತುವಾಗಿಸುವ ಕೈಚಳಕವೂ ನಮ್ಮದಾಗಬೇಕೆಂಬ ವಿಶ್ವೇಶ್ವರಯ್ಯನವರ ವಾದಕ್ಕೆ ಇದಕ್ಕಿಂತ ಪರಿಮಳಯುಕ್ತ ಸಾಕ್ಷಿ ಬೇರೊಂದಿಲ್ಲ. ಅದೇ ವಾದವನ್ನು ಅವರು ರೇಷ್ಮೆಗೂ ಅನ್ವಯಿಸಿದರು. ಚನ್ನಪಟ್ಟಣದಲ್ಲಿ ರೇಷ್ಮೆ ಕೃಷಿ ಕ್ಷೇತ್ರ ಆರಂಭವಾಯಿತು. ಕೈಕಸುಬುಗಳಿಗೆ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ, ಯಂತ್ರ ಕೆಲಸಕ್ಕೆ ಬೆಂಗಳೂರಿನ ಮೆಕ್ಯಾನಿಕಲ್ ಎಂಜಿನಿಯರಿಂಗ್ ಶಾಲೆ ಇದ್ದವು. ನೀರೆತ್ತುವ ಪಂಪು, ಕಬ್ಬಿನ ಗಾಣ, ಅಕ್ಕಿ ಗಿರಣಿಗಳಂಥ ಸಣ್ಣ ಯಂತ್ರಗಳ ಬಳಕೆಗೆ ಕೈಗಾರಿಕಾ ಇಲಾಖೆ ಉತ್ತೇಜನ ನೀಡಿತು. ದೊಡ್ಡ ಕಾರ್ಖಾನೆಗಳ ಪ್ರತಿಪಾದಕರೆಂದೇ ಹೆಸರಾದ ದಿವಾನರು ಹಳ್ಳಿಯ ಗಾಣವನ್ನು ಮರೆತಿರಲಿಲ್ಲ.

ಇದೇ ಅವಧಿಯಲ್ಲಿ, 1915ರಲ್ಲಿ, ಯಲಹಂಕದಿಂದ ದೇವನಹಳ್ಳಿಯ ಮೂಲಕ ಚಿಕ್ಕಬಳ್ಳಾಪುರಕ್ಕೆ ಕಿರಿದಳಿಯ ರೈಲು ಓಡತೊಡಗಿತು. ರೇಷ್ಮೆ, ಬೆಲ್ಲ, ತರಕಾರಿ, ಆಲೂಗೆಡ್ಡೆಯ ಸೀಮೆಗೆ ಬೆಂಗಳೂರಿನ ಮಾರುಕಟ್ಟೆ ಹತ್ತಿರವಾಯಿತು. ಹಳ್ಳಿಯಲ್ಲಿ ಎಂತಹ ಉತ್ತಮ ವಸ್ತು ತಯಾರಾದರೂ ಸಾಗಿಸುವ ದಾರಿಯಿಲ್ಲದಿದ್ದರೆ ಅದು ದಲ್ಲಾಳಿ ಹೇಳಿದ ಬೆಲೆಗೇ ಹೋಗುವುದೆಂಬುದು ಎಂದಿಗೂ ನಿಜ.

ಶಾಲೆಗಳ ಲೆಕ್ಕ ಇನ್ನೂ ದೊಡ್ಡದು. ಅವರು ಅಧಿಕಾರ ವಹಿಸಿಕೊಂಡಾಗ ಸಂಸ್ಥಾನದಲ್ಲಿ ಸುಮಾರು 4,500 ಶಾಲೆಗಳಿದ್ದವು. ಅಧಿಕಾರ ತ್ಯಜಿಸುವ ಹೊತ್ತಿಗೆ ಆ ಸಂಖ್ಯೆ ಸುಮಾರು 10,500ಕ್ಕೆ ಏರಿತ್ತು. ವಿದ್ಯಾರ್ಥಿಗಳ ಸಂಖ್ಯೆ ಸುಮಾರು 1.4 ಲಕ್ಷದಿಂದ 3.66 ಲಕ್ಷಕ್ಕೆ ಬೆಳೆದಿತ್ತು.

ಕಾಣದೆ ಉಳಿದ ಗೋಡೆ

ಇಷ್ಟೆಲ್ಲ ಸಾಧಿಸಿದ ದಿವಾನರು 1918ರ ಕೊನೆಯಲ್ಲಿ ಅಧಿಕಾರದಿಂದ ಹೊರನಡೆದದ್ದೇಕೆ? ಅವರ ಜೀವನಚರಿತ್ರೆಯ ಅತ್ಯಂತ ಇಕ್ಕಟ್ಟಿನ ಪುಟವಿದು. ಹೂಮಾಲೆಯ ಭಾಷಣಗಳು ಸಾಮಾನ್ಯವಾಗಿ ಇದನ್ನು ಹಾರಿಸಿ ಮುಂದೆ ಸಾಗುತ್ತವೆ.

ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ, ಅದರಲ್ಲಿಯೂ ಮೇಲಿನ ಹುದ್ದೆಗಳಲ್ಲಿ, ಬ್ರಾಹ್ಮಣ ಸಮುದಾಯದವರದೇ ಪ್ರಾಬಲ್ಯವಿತ್ತು. 1917ರಲ್ಲಿ ಸ್ಥಾಪನೆಯಾದ ಪ್ರಜಾಮಿತ್ರ ಮಂಡಳಿಯು ಹಿಂದುಳಿದ ಸಮುದಾಯಗಳಿಗೆ ನ್ಯಾಯಯುತ ಪಾಲು ದೊರೆಯಬೇಕೆಂದು ಒತ್ತಾಯಿಸಿತು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಹುದ್ದೆಗೆ ಅರ್ಹತೆಯೊಂದೇ ಮಾನದಂಡವಾಗಬೇಕು, ಹಿಂದುಳಿದವರನ್ನು ಶಿಕ್ಷಣ ಮತ್ತು ವಿದ್ಯಾರ್ಥಿವೇತನದ ಮೂಲಕ ಆ ಅರ್ಹತೆಗೆ ಏರಿಸಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಮಹಾರಾಜರ ನಿಲುವು ಬೇರೆಯಾಗಿತ್ತು. ಭಿನ್ನಾಭಿಪ್ರಾಯ ಸ್ಪಷ್ಟವಾದಾಗ ದಿವಾನರು ರಜೆಯ ಮೇಲೆ ತೆರಳಿ ನಿವೃತ್ತರಾದರು. ಎಂ. ಕಾಂತರಾಜ ಅರಸರು ಅವರ ಸ್ಥಾನಕ್ಕೆ ಬಂದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡರಷ್ಟು ಬ್ರಾಹ್ಮಣೇತರ ಸಮುದಾಯಗಳಿಗೆ ದೊರೆಯಬೇಕೆಂಬ ಮಿಲ್ಲರ್ ಸಮಿತಿಯ ಶಿಫಾರಸನ್ನು ಸರ್ಕಾರ 1921ರಲ್ಲಿ ಅಂಗೀಕರಿಸಿತು.

ದಿವಾನರ ಪ್ರಾಮಾಣಿಕತೆಯನ್ನು ಅವರ ಎದುರಾಳಿಗಳೂ ಪ್ರಶ್ನಿಸಲಿಲ್ಲ. ಸಾವಿರಾರು ಹಳ್ಳಿಗಳಿಗೆ ಶಾಲೆ ತಲುಪಿಸಿದ್ದು ಅವರ ಆಡಳಿತವೇ. ಆದರೂ ಒಂದು ಮಾತು ಉಳಿಯುತ್ತದೆ. ಮನೆಪಾಠ ಹೇಳಿ ಓದಿದ ಬಡ ಹುಡುಗನಿಗೆ ಹಣವಿಲ್ಲದಿದ್ದರೂ ಅಕ್ಷರದ ವಾತಾವರಣ ಹುಟ್ಟಿನಿಂದಲೇ ಇತ್ತು. ತಲೆಮಾರುಗಳಿಂದ ಪಾಠಶಾಲೆಯ ಹೊಸಿಲನ್ನೇ ಕಾಣದ ಮನೆಯ ಹುಡುಗನಿಗೆ ಅದು ಇರಲಿಲ್ಲ. ಈ ಅಂತರವನ್ನು ವಿದ್ಯಾರ್ಥಿವೇತನವೊಂದೇ ತುಂಬಬಲ್ಲದೆಂದು ಅವರು ನಂಬಿದರು. ನಾಡು ಆ ನಂಬಿಕೆಯನ್ನು ಪೂರ್ತಿಯಾಗಿ ಒಪ್ಪಲಿಲ್ಲ, ನಂತರದ ಇತಿಹಾಸವೂ ಒಪ್ಪಲಿಲ್ಲ. ತರಬೇತಿಯಿಂದ ಬಡತನ ನೀಗುವುದೆಂದು ಹೇಳುವ ಪ್ರತಿಯೊಂದು ಯೋಜನೆಯೂ ತರಬೇತಿಯ ಬಾಗಿಲಿಗೆ ಬರುವವರು ಯಾರು, ಬರಲಾಗದೆ ಉಳಿದವರು ಯಾರು ಎಂಬ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ ಎಂಬುದಕ್ಕೆ ಇದೊಂದು ಪಾಠ.

ಸಂಬಳದ ಹಣದಿಂದ ತರಬೇತಿ ಸಂಸ್ಥೆ

ಅಧಿಕಾರ ಬಿಟ್ಟ ಮೇಲೂ ದುಡಿಮೆ ನಿಲ್ಲಲಿಲ್ಲ. 1920ರಲ್ಲಿ ಭಾರತದ ಪುನರ್ನಿರ್ಮಾಣವನ್ನು ಕುರಿತು, 1934ರಲ್ಲಿ ಯೋಜಿತ ಆರ್ಥಿಕ ವ್ಯವಸ್ಥೆಯನ್ನು ಕುರಿತು ಅವರ ಇಂಗ್ಲಿಷ್ ಗ್ರಂಥಗಳು ಪ್ರಕಟವಾದವು. ಯೋಜನಾ ಆಯೋಗ ಹುಟ್ಟುವುದಕ್ಕೆ ಒಂದೂವರೆ ದಶಕ ಮೊದಲೇ ಅವರು ದೇಶಕ್ಕೊಂದು ಯೋಜನೆ ಬರೆದಿದ್ದರು.

1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಮುಳುಗಿದಾಗ ಅದರ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿ, ಖರ್ಚು ಇಳಿಸಿ, ಸ್ಥಳೀಯರಿಗೆ ಕೆಲಸ ಕಲಿಸಿ ಅದನ್ನು ದಡ ಹತ್ತಿಸಿದರು. ಆ ಸೇವೆಗೆಂದು ಅವರಿಗೆ ಸಲ್ಲಬೇಕಾಗಿದ್ದ, ಲಕ್ಷ ರೂಪಾಯಿಗೂ ಮೀರಿದ ಸಂಭಾವನೆಯನ್ನು ಅವರು ಸ್ವಂತಕ್ಕೆ ಬಳಸಲಿಲ್ಲ. ತರುಣರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಅದನ್ನು ವಿನಿಯೋಗಿಸುವಂತೆ ಕೋರಿದರು. ಸಂಸ್ಥೆಗೆ ತಮ್ಮ ಹೆಸರು ಬೇಡವೆಂದರು. ಹೀಗೆ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. ಮುಂದೆ ಪಾಲಿಟೆಕ್ನಿಕ್ ಆಗಿ ಬೆಳೆದ ಈ ಸಂಸ್ಥೆಯಲ್ಲಿ ಕಲಿತು ಕೆಲಸ ಹಿಡಿದವರು ಬೆಂಗಳೂರಿನ ಕಾರ್ಖಾನೆಗಳಲ್ಲೆಲ್ಲ ಹರಡಿದರು. ಪದವಿ ಪಡೆದ ಎಂಜಿನಿಯರ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಯಂತ್ರದ ಪಕ್ಕದಲ್ಲಿಯೇ ನಿಂತು ದುಡಿಯುವ ಕುಶಲಕರ್ಮಿಯ ಕೊರತೆ ದೇಶವನ್ನು ಕಾಡುತ್ತಿದೆ ಎಂಬುದನ್ನು ಅವರು ಅಂದೇ ಗುರುತಿಸಿದ್ದರು.

ಗ್ರಾಮ ಕೈಗಾರಿಕೆಯ ವಿಷಯದಲ್ಲಿ ಗಾಂಧೀಜಿಯವರೊಂದಿಗೆ ಅವರಿಗಿದ್ದ ಭಿನ್ನಮತವೂ ಉಲ್ಲೇಖನೀಯ. 1927ರ ಬೇಸಿಗೆಯಲ್ಲಿ ಗಾಂಧೀಜಿ ವಿಶ್ರಾಂತಿಗೆಂದು ತಂಗಿದ್ದು ಮುದ್ದೇನಹಳ್ಳಿಗೆ ಕೂಗಳತೆಯ ನಂದಿ ಬೆಟ್ಟದಲ್ಲಿ. ಅದೇ ವರ್ಷ ಅವರು ಭದ್ರಾವತಿಯನ್ನೂ ಕಂಡು ವಿಶ್ವೇಶ್ವರಯ್ಯನವರ ಸಾಮರ್ಥ್ಯವನ್ನು ಮೆಚ್ಚಿಕೊಂಡರು. 1934ರಲ್ಲಿ ಗಾಂಧೀಜಿ ಗ್ರಾಮೋದ್ಯೋಗ ಸಂಘ ಆರಂಭಿಸಿದಾಗ ಇಬ್ಬರ ನಡುವೆ ಪತ್ರ ವ್ಯವಹಾರ ನಡೆಯಿತು. ಯಂತ್ರ ಮತ್ತು ವಿದ್ಯುತ್ತನ್ನು ಹಳ್ಳಿಗೆ ಒಯ್ಯದೆ ಹಳ್ಳಿಯ ಬಡತನ ನೀಗದು ಎಂಬುದು ಎಂಜಿನಿಯರರ ನಂಬಿಕೆ. ಯಂತ್ರವು ಕೋಟ್ಯಂತರ ಕೈಗಳನ್ನು ಬರಿದಾಗಿಸಬಾರದು ಎಂಬುದು ಮಹಾತ್ಮರ ಆತಂಕ. ಇಬ್ಬರೂ ತಂತಮ್ಮ ನಿಲುವಿನಿಂದ ಕದಲಲಿಲ್ಲ, ಪರಸ್ಪರ ಗೌರವವನ್ನೂ ಬಿಡಲಿಲ್ಲ. ಹಳ್ಳಿಗನ ಖಾಲಿ ಕೈಗೆ ಕೆಲಸ ಬೇಕೆಂಬಲ್ಲಿ ಮಾತ್ರ ಇಬ್ಬರದೂ ಒಂದೇ ಮಾತಾಗಿತ್ತು.

ತೊಂಬತ್ತರ ಅಂಚಿನ ಪ್ರಯೋಗ

ಸ್ವಾತಂತ್ರ್ಯ ಬಂದಾಗ ವಿಶ್ವೇಶ್ವರಯ್ಯನವರಿಗೆ ಎಂಬತ್ತಾರರ ವಯಸ್ಸು. ಆ ವಯಸ್ಸಿನಲ್ಲಿ ಅವರು ಕೈಗೆತ್ತಿಕೊಂಡದ್ದು ಗ್ರಾಮೀಣ ಕೈಗಾರಿಕೀಕರಣ ಯೋಜನೆ. 1941ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಉತ್ಪಾದಕರ ಸಂಘದ ವೇದಿಕೆಯಿಂದ ಅವರು ಈ ವಿಚಾರವನ್ನು ಪ್ರಚಾರ ಮಾಡಿದ್ದರು. ಮೈಸೂರು ಸರ್ಕಾರ ಅದನ್ನು ಒಪ್ಪಿ 1949-50ರ ಸುಮಾರಿಗೆ ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಜಾರಿಗೆ ತಂದಿತು. ಯಲಹಂಕ, ದೇವನಹಳ್ಳಿ, ದೊಡ್ಡಬಳ್ಳಾಪುರಗಳು ಅಂದಿನ ಬೆಂಗಳೂರು ಜಿಲ್ಲೆಯಲ್ಲಿದ್ದವು. ಚಿಕ್ಕಬಳ್ಳಾಪುರ ಆಗಿನ್ನೂ ಕೋಲಾರ ಜಿಲ್ಲೆಯ ಭಾಗ. ಹೀಗೆ ಅವರ ಕೊನೆಯ ದೊಡ್ಡ ಪ್ರಯೋಗ ಅವರು ಹುಟ್ಟಿ ಬೆಳೆದ ನೆಲದಲ್ಲಿಯೇ ನಡೆಯಿತು.

ಯೋಜನೆಯ ಕ್ರಮ ಸರಳವಾಗಿತ್ತು. ಒಂಟಿ ಹಳ್ಳಿಗೆ ಬಂಡವಾಳವೂ ಸಾಲದು, ಮಾರುಕಟ್ಟೆಯೂ ಸಾಲದು. ಆದ್ದರಿಂದ ಅಕ್ಕಪಕ್ಕದ ಹಳ್ಳಿಗಳನ್ನು ಒಂದು ಗುಂಪಾಗಿ ಪರಿಗಣಿಸಬೇಕು. ಆ ಗುಂಪಿಗೆ ಸ್ಥಳೀಯರದೇ ಸಮಿತಿಯಿರಬೇಕು. ಸುತ್ತಮುತ್ತ ದೊರೆಯುವ ಕಚ್ಚಾವಸ್ತು ಯಾವುದು, ಯಾರಿಗೆ ಯಾವ ಕೆಲಸ ಬರುತ್ತದೆ, ಹೊರಗಿನಿಂದ ಕೊಳ್ಳುತ್ತಿರುವ ಯಾವ ವಸ್ತುವನ್ನು ಇಲ್ಲಿಯೇ ತಯಾರಿಸಬಹುದು ಎಂಬುದನ್ನು ಸಮಿತಿ ಮೊದಲು ಪಟ್ಟಿ ಮಾಡಬೇಕು. ಬಂಡವಾಳದ ಒಂದು ಭಾಗ ಹಳ್ಳಿಗರಿಂದಲೇ ಬರಬೇಕು, ಉಳಿದದ್ದಕ್ಕೆ ಸರ್ಕಾರ ನೆರವಾಗಬೇಕು. ವರ್ಷದ ಕೊನೆಗೆ ಗುಂಪಿನ ಒಟ್ಟು ಉತ್ಪಾದನೆ ಎಷ್ಟು ಹೆಚ್ಚಿತು ಎಂಬ ಲೆಕ್ಕ ಎಲ್ಲರ ಮುಂದಿರಬೇಕು. ನೇಯ್ಗೆ, ಎಣ್ಣೆ ಗಾಣ, ಇಟ್ಟಿಗೆ, ಹೆಂಚು, ಬಡಗಿ ಕೆಲಸ, ಕಮ್ಮಾರಿಕೆಯಂಥ ಕಸುಬುಗಳಿಗೆ ಇಂತಹ ಚೌಕಟ್ಟು ಹೇಳಿ ಮಾಡಿಸಿದಂತಿತ್ತು.

ಇಂದು ಸ್ವಸಹಾಯ ಸಂಘ, ಉತ್ಪಾದಕರ ಕಂಪನಿ, ಕ್ಲಸ್ಟರ್ ಎಂಬ ಹೆಸರುಗಳಲ್ಲಿ ನಾವು ಕೇಳುವ ಅನೇಕ ಅಂಶಗಳು ಅಂದಿನ ಆ ಯೋಜನೆಯಲ್ಲಿದ್ದವು. ಆದರೆ ಅದು ಹಳ್ಳಿಗಳ ಚಿತ್ರವನ್ನೇ ಬದಲಿಸುವಷ್ಟು ದೂರ ಸಾಗಲಿಲ್ಲ. 1952ರಲ್ಲಿ ದೇಶದಾದ್ಯಂತ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಗಿ ಸರ್ಕಾರಗಳ ಗಮನ ಅತ್ತ ಹರಿಯಿತು. ಬೆಂಗಳೂರಿನಲ್ಲಿ ತಲೆಯೆತ್ತಿದ ಬೃಹತ್ ಸಾರ್ವಜನಿಕ ಉದ್ಯಮಗಳು ಹಳ್ಳಿಯ ತರುಣರನ್ನು ತಮ್ಮತ್ತ ಸೆಳೆದವು. ಹಳ್ಳಿಗೇ ಕೆಲಸ ಬರಬೇಕೆಂದು ಅವರು ಬಯಸಿದರು, ಕೆಲಸವನ್ನು ಹುಡುಕಿಕೊಂಡು ಹಳ್ಳಿಯೇ ನಗರಕ್ಕೆ ಬಂದಿತು.

1955ರಲ್ಲಿ ಭಾರತ ರತ್ನ ಪ್ರಶಸ್ತಿ ಅವರನ್ನು ಅರಸಿ ಬಂದಿತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ದಾಟಿದ ತುಂಬು ಜೀವನ ಮುಗಿಯಿತು. ಅಂತ್ಯಕ್ರಿಯೆ ನಡೆದದ್ದು ಹುಟ್ಟಿದೂರು ಮುದ್ದೇನಹಳ್ಳಿಯಲ್ಲಿಯೇ. ಅಲ್ಲಿನ ಸಮಾಧಿ, ಅವರ ಮನೆಯ ವಸ್ತುಸಂಗ್ರಹಾಲಯ ಇಂದಿಗೂ ಪ್ರವಾಸಿಗರನ್ನು ಸೆಳೆಯುತ್ತಿವೆ.

ಉಳಿದ ಪ್ರಶ್ನೆ

ಅವರ ಹೆಸರಿಗೆ ಬರವಿಲ್ಲ. ಬೆಳಗಾವಿಯಲ್ಲಿ ತಾಂತ್ರಿಕ ವಿಶ್ವವಿದ್ಯಾನಿಲಯ, ಯಲಹಂಕದಾಚೆಯ ಹುಣಸಮಾರನಹಳ್ಳಿಯಲ್ಲಿ ಎಂಜಿನಿಯರಿಂಗ್ ಕಾಲೇಜು, ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ಬಳಕೆಗೆ ಬಂದ ರೈಲು ಟರ್ಮಿನಲ್, ಕಸ್ತೂರಬಾ ರಸ್ತೆಯಲ್ಲಿ ವಸ್ತುಸಂಗ್ರಹಾಲಯ ಎಲ್ಲವೂ ಅವರ ಹೆಸರಿನಲ್ಲಿವೆ. ವಿಚಾರವೂ ಪೂರ್ತಿ ಬತ್ತಿಲ್ಲ. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ, ಹಳ್ಳಿಯ ನಿರುದ್ಯೋಗಿ ಯುವಜನರಿಗೆ ಊಟ, ವಸತಿಯೊಂದಿಗೆ ಅಲ್ಪಾವಧಿಯ ತರಬೇತಿ ನೀಡಿ, ಬ್ಯಾಂಕ್ ಸಾಲದ ದಾರಿ ತೋರಿ ಸ್ವಂತ ಉದ್ಯೋಗಕ್ಕೆ ಹಚ್ಚಿತು. ಆ ಮಾದರಿ ಕೇಂದ್ರ ಸರ್ಕಾರದ ಮನ್ನಣೆ ಪಡೆದು ದೇಶದ ಜಿಲ್ಲೆ ಜಿಲ್ಲೆಗಳಿಗೆ ಹರಡಿತು. ತರಬೇತಿ, ಸಾಲ, ಮಾರುಕಟ್ಟೆ ಈ ಮೂರೂ ಒಟ್ಟಿಗೆ ಬರದಿದ್ದರೆ ಕಲಿತ ಕಸುಬು ಪ್ರಮಾಣಪತ್ರದಲ್ಲಿಯೇ ಉಳಿಯುತ್ತದೆ ಎಂಬ ದಿವಾನರ ಕಾಲದ ಅನುಭವಕ್ಕೆ ಅದು ಮರುರೂಪ ಕೊಟ್ಟಿ‌ತು.

1915ರಲ್ಲಿ ಕಿರಿದಳಿ ಹಾಸಿದ್ದ ಮಾರ್ಗದಲ್ಲಿ ಈಗ ಬ್ರಾಡ್‌ಗೇಜ್ ರೈಲು ಓಡುತ್ತಿದೆ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲಿನ ಹೊಲಗಳು ನಿವೇಶನಗಳಾದವು. ಜಮೀನು ಮಾರಿದ ಹಣ ಕರಗಿದ ಬಳಿಕ ಕೈಯಲ್ಲಿ ಕಸುಬಿಲ್ಲದ ರೈತನ ಮಗ ಕಾವಲುಗಾರನಾಗಿಯೋ ವಾಹನ ಚಾಲಕನಾಗಿಯೋ ದಿನ ದೂಡುವುದು ಈ ಭಾಗದಲ್ಲಿ ಹೊಸ ಸುದ್ದಿಯೇನಲ್ಲ. ಬರಗಾಲದ ಸೀಮೆಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ನೆಲವೊಂದನ್ನೇ ನಂಬಿ ಕೂರಬೇಡಿರೆಂದು ನಾಡಿಗೆ ತಿಳಿಹೇಳಿ ನೂರು ವರ್ಷಗಳಿಗೂ ಮೀರಿತು. ಅವರ ಊರಿನ ಸುತ್ತಮುತ್ತ ಈಗ ನೆಲವೇ ಕೈಬಿಟ್ಟು ಹೋಗುತ್ತಿದೆ. ಮುಂದಿನ ಸೆಪ್ಟೆಂಬರ್ 15ರಂದು ಪ್ರತಿಮೆಗೆ ಹೂಮಾಲೆ ಹಾಕುವವರು, ಆ ಮಗನಿಗೆ ಕಲಿಸಲು ನಮ್ಮಲ್ಲಿ ಯಾವ ಕಸುಬು ಇದೆ, ಕಲಿಸಿದ ಮೇಲೆ ಅವನ ಊರಿನಲ್ಲಿ ಯಾವ ಕೆಲಸ ಇದೆ ಎಂಬ ಲೆಕ್ಕವನ್ನೂ ಜೊತೆಗೆ ತಂದರೆ ದಿವಾನರಿಗೆ ಅದೇ ತಕ್ಕ ಗೌರವವಾದೀತು.